ಸಣ್ಣ ಗಾಯಕ್ಕೆ ಸೊಪ್ಪು, ತೊಗಟೆ, ಎಣ್ಣೆ: ಯಾವುದು, ಯಾವಾಗ, ಎಷ್ಟು

ತರಕಾರಿ ಹೆಚ್ಚುವಾಗ ಬೆರಳು ಕೊಯ್ದರೆ ಅರಿಶಿನದ ಡಬ್ಬಿಗೆ ಕೈ ಹಾಕುವುದು ನಮ್ಮ ಮನೆಗಳಲ್ಲಿ ಯೋಚಿಸಿ ಮಾಡುವ ಕೆಲಸವಲ್ಲ, ರೂಢಿ. ತೋಟದಲ್ಲಿ ಕತ್ತಿ ತಾಗಿದರೆ ಬದುವಿನ ಸೊಪ್ಪು ಕಿತ್ತು ಹಿಸುಕಿ ಕಟ್ಟುವುದೂ ಹಾಗೆಯೇ. ಗಿಡಗಳಲ್ಲಿ ಗುಣವಿಲ್ಲವೆಂದಲ್ಲ. ತಪ್ಪುವುದು ಹೊತ್ತು: ತೊಳೆಯಬೇಕಾದಾಗ ಮೆತ್ತುತ್ತೇವೆ, ಒಣಗಿಸಬೇಕಾದಾಗ ಎಣ್ಣೆ ಹಚ್ಚುತ್ತೇವೆ. ಆಯುರ್ವೇದದ ಹಳೆಯ ಗ್ರಂಥ ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನ ಎಂಬ ಭಾಗ ವ್ರಣಕ್ಕೆ (ಗಾಯ, ಹುಣ್ಣಿಗೆ) 60 ಉಪಕ್ರಮಗಳನ್ನು, ಅಂದರೆ ಚಿಕಿತ್ಸಾ ಕ್ರಮಗಳನ್ನು, ಹೇಳುತ್ತದೆ. ಅದರಲ್ಲಿ ತೊಳೆಯುವ ಕಷಾಯ ಬೇರೆ, ಹಚ್ಚುವ ಕಲ್ಕ (ಅರೆದ ಮುದ್ದೆ) ಬೇರೆ, ಮಾಯಿಸುವ ತುಪ್ಪ ಮತ್ತು ಎಣ್ಣೆ ಬೇರೆ. ಒಂದೇ ಸೊಪ್ಪು ಎಲ್ಲಕ್ಕೂ ಆಗುತ್ತದೆ ಎಂಬ ಮಾತು ಅಲ್ಲಿಲ್ಲ.

ಇಲ್ಲಿ ಹೇಳುವುದು ತರಚು ಗಾಯ, ಮೇಲ್ಪದರದ ಕೊಯ್ತ, ಅಡುಗೆಮನೆಯ ಸಣ್ಣ ಸುಟ್ಟಗಾಯ, ಉಂಬಳ (ಜಿಗಣೆ) ಕಚ್ಚಿದ್ದು ಮತ್ತು ಮಳೆಗಾಲದ ಕೆಸರುಹುಣ್ಣು, ಇಷ್ಟಕ್ಕೆ ಮಾತ್ರ.

ಮನೆಮದ್ದಿಗೆ ನಿಲ್ಲದ ಗಾಯಗಳು

ಇವುಗಳನ್ನು ಮೊದಲೇ ಬೇರೆ ಮಾಡಿಕೊಳ್ಳಿ. ಅಂಚುಗಳು ಬಾಯ್ದೆರೆದು ನಿಂತ ಕೊಯ್ತ, ಒಳಗೆ ಹಳದಿ ಕೊಬ್ಬು ಕಾಣುವಷ್ಟು ಆಳದ್ದು, 10–15 ನಿಮಿಷ ಬಿಗಿಯಾಗಿ ಒತ್ತಿ ಹಿಡಿದರೂ ನಿಲ್ಲದ ರಕ್ತ, ಕೀಲಿನ ಮೇಲಿನ ಗಾಯ, ಬೆರಳು ಮಡಚಲು ಆಗದಂತಾದದ್ದು, ಮೊಳೆ ಅಥವಾ ಮುಳ್ಳು ಆಳಕ್ಕೆ ಚುಚ್ಚಿದ್ದು, ಸಕ್ಕರೆ ಕಾಯಿಲೆ ಇರುವವರ ಪಾದದ ಗಾಯ (ಎಷ್ಟೇ ಚಿಕ್ಕದಿರಲಿ), ಅಂಗೈಗಿಂತ ದೊಡ್ಡ ಸುಟ್ಟಗಾಯ, ಮುಖದ ಸುಟ್ಟಗಾಯ. ಇವೆಲ್ಲ ವೈದ್ಯರ ಕೆಲಸ.

ನಾಯಿ, ಬೆಕ್ಕು, ಮಂಗ ಕಚ್ಚಿದ್ದು ಅಥವಾ ಪರಚಿದ್ದು ಇನ್ನೂ ಬೇರೆ ಲೆಕ್ಕ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ರೇಬೀಸ್ ಲಸಿಕೆಗೆ ಹೋಗಬೇಕು. ಅರಿಶಿನ, ಮೆಣಸಿನಪುಡಿ, ಸುಣ್ಣ, ಎಣ್ಣೆ, ಯಾವ ಸೊಪ್ಪೂ ಅಲ್ಲಿ ಕೂಡದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದು ಯಾವ ಪದ್ಧತಿಯಲ್ಲೂ ಇಲ್ಲವೆಂದೇ ತಿಳಿಯಬೇಕು.

ಧನುರ್ವಾಯುವಿನ ಲಸಿಕೆ ಹಾಕಿಸಿಕೊಂಡು 10 ವರ್ಷ ದಾಟಿದ್ದರೆ ಗಾಯ ಸಣ್ಣದಾದರೂ ಹಾಕಿಸಿಕೊಳ್ಳಿ. ಮಣ್ಣು, ಗೊಬ್ಬರ ಸೇರಿದ ಗಾಯವಾದರೆ 5 ವರ್ಷಕ್ಕೇ. ಆ ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತವೆ. ಬದುವಿನಿಂದ ಕಿತ್ತ ಸೊಪ್ಪಿನ ಮೇಲೂ ಇರಬಹುದು.

ಮೊದಲ ಹತ್ತು ನಿಮಿಷ: ಗಿಡ ಬೇಡ, ನೀರು ಸಾಕು

ಸ್ವಚ್ಛವಾದ ಹತ್ತಿಬಟ್ಟೆಯನ್ನು ಗಾಯದ ಮೇಲಿಟ್ಟು ನೇರವಾಗಿ ಒತ್ತಿ. ನಿಂತಿತೇ ಎಂದು ಎರಡು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡಿದರೆ ಆಗಷ್ಟೇ ಕಟ್ಟಿದ ಹೆಪ್ಪು ಕಿತ್ತು ಬಂದು ಮತ್ತೆ ಸುರುವಾಗುತ್ತದೆ. ಗಡಿಯಾರ ನೋಡಿಕೊಂಡು 10 ನಿಮಿಷ ಬಿಡದೆ ಒತ್ತಿ, ಕೈಯನ್ನು ಎದೆಯಿಂದ ಮೇಲಕ್ಕೆ ಹಿಡಿಯಿರಿ. ಸಣ್ಣ ಕೊಯ್ತಗಳಲ್ಲಿ ರಕ್ತ ಇಷ್ಟಕ್ಕೇ ನಿಲ್ಲುತ್ತದೆ. ಸೊಪ್ಪು ಕಟ್ಟಿ ರಕ್ತ ನಿಂತಿತು ಎನ್ನುವ ಕಡೆಯೂ ಅರ್ಧ ಕೆಲಸ ಮಾಡಿರುವುದು ಕಟ್ಟಿದ ಬಿಗಿಯೇ.

ನಂತರ ಕುಡಿಯಲು ಯೋಗ್ಯವಾದ ನೀರನ್ನು ಸಣ್ಣ ಧಾರೆಯಾಗಿ 5 ನಿಮಿಷ ಗಾಯದ ಮೇಲೆ ಹರಿಸಿ. ಸೋಪು ಸುತ್ತಲಿನ ಚರ್ಮಕ್ಕೆ ಸಾಕು. ತರಚು ಗಾಯದಲ್ಲಿ ಮರಳು ಕೂತಿದ್ದರೆ ಒದ್ದೆ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಿ ತೆಗೆಯಿರಿ. ನೋವಾಗುತ್ತದೆಂದು ಬಿಟ್ಟರೆ ಆ ಕಣಗಳು ಚರ್ಮದೊಳಗೇ ಉಳಿದು ಕೀವಾಗುತ್ತವೆ, ಇಲ್ಲವೇ ಕಪ್ಪು ಕಲೆಯಾಗಿ ನಿಲ್ಲುತ್ತವೆ.

ತೋಟದಲ್ಲಿ, ಹರಿಯುವ ನೀರಿಲ್ಲದ ಕಡೆ: ಗಬ್ಬು ಶಾವಂತಿ

ಗಾಯದ ಸೊಪ್ಪು ಎಂದರೆ ಬಯಲುಸೀಮೆಯ ಬಹಳ ಕಡೆ ತೋರಿಸುವುದು ಗಬ್ಬು ಶಾವಂತಿಯನ್ನು (ಟ್ರೈಡಾಕ್ಸ್ ಪ್ರೊಕಂಬೆನ್ಸ್). ಹೆಸರು ಊರಿಗೊಂದಿದೆ, ಆದ್ದರಿಂದ ರೂಪ ನೋಡಿ ಗುರುತಿಸಿ. ನೆಲಕ್ಕೆ ಒರಗಿ ಬೆಳೆಯುವ ಗಿಡ. ಎಲೆಗಳು ಎದುರುಬದುರು, ಅಂಚು ಗರಗಸದಂತೆ, ಎಲೆ ಕಾಂಡಗಳ ಮೇಲೆಲ್ಲ ಒರಟು ರೋಮ. ಗೇಣುದ್ದದ ಬರಿದಾದ ತೊಟ್ಟಿನ ತುದಿಯಲ್ಲಿ ಒಂದೇ ಹೂ: ನಡುವೆ ಹಳದಿ, ಸುತ್ತ ನಾಲ್ಕೈದು ಕೆನೆಬಿಳಿ ಎಸಳು, ಪ್ರತಿ ಎಸಳಿನ ತುದಿಯಲ್ಲಿ ಮೂರು ಹಲ್ಲು. ಕಾಂಗ್ರೆಸ್ ಗಿಡ ಹಾಗಲ್ಲ. ಅದರ ಎಲೆ ಕ್ಯಾರೆಟ್ ಸೊಪ್ಪಿನಂತೆ ಸೀಳುಸೀಳು, ಹೂಗಳು ಚಿಕ್ಕವು, ಬಿಳಿ, ಗೊಂಚಲು. ಎರಡೂ ಸೇವಂತಿಗೆಯ ಕುಟುಂಬದವೇ. ಕಾಂಗ್ರೆಸ್ ಗಿಡ ತಾಗಿದರೆ ತುರಿಕೆ ಬರುವವರು ಗಬ್ಬು ಶಾವಂತಿಯನ್ನೂ ದೂರವಿಡುವುದು ಲೇಸು.

ಇದು ಋಷಿಮುನಿಗಳ ಕಾಲದ ಮೂಲಿಕೆ ಎಂದು ಹೇಳುವವರಿದ್ದಾರೆ. ಅಲ್ಲ; ಇದರ ತವರು ಅಮೆರಿಕ ಖಂಡ. ಕರಾವಳಿಯಲ್ಲಿ ಇದೇ ಕೆಲಸಕ್ಕೆ ಕೀಳುವ ಕಮ್ಯುನಿಸ್ಟ್ ಸೊಪ್ಪೂ (ಕ್ರೊಮೊಲೀನ) ಅಲ್ಲಿಂದಲೇ ಬಂದ ಕಳೆ. ಹೊರಗಿನಿಂದ ಬಂದ ಗಿಡಗಳ ಗುಣವನ್ನೂ ನಮ್ಮ ಹಳ್ಳಿಗರು ಬೇಗ ಕಂಡುಕೊಂಡರು ಎನ್ನಬೇಕಷ್ಟೆ.

ಬಳಸುವ ಕ್ರಮ: ರಸ್ತೆಯಂಚಿನದು, ಕಳೆನಾಶಕ ಹೊಡೆದ ತೋಟದ್ದು, ದನ ಕಟ್ಟುವ ಜಾಗದ್ದು ಬೇಡ. ತುದಿಯ ಎಳೆ ಎಲೆಗಳು 8–10 ಸಾಕು. ಕುಡಿಯುವ ನೀರಿನಲ್ಲಿ ಎರಡು ಸಲ ಜಾಲಾಡಿ, ತೊಳೆದ ಅಂಗೈಯಲ್ಲಿ ಹಿಸುಕಿ, ನಾಲ್ಕೈದು ಹನಿ ರಸವನ್ನು ಮಾತ್ರ ಗಾಯದ ಮೇಲೆ ಹಿಂಡಿ. ಚೆನ್ನಾಗಿ ಉರಿಯುತ್ತದೆ. ಜಜ್ಜಿದ ಸೊಪ್ಪನ್ನೇ ಒಳಗೆ ತುರುಕಬೇಡಿ; ಅದರ ರೋಮ, ನಾರು, ಧೂಳು ಗಾಯದಲ್ಲೇ ಉಳಿಯುತ್ತವೆ. ಬಾಯಲ್ಲಿ ಜಗಿದು ಹಚ್ಚುವುದಂತೂ ಬೇಡವೇ ಬೇಡ, ಬಾಯಿಯಲ್ಲಿರುವಷ್ಟು ರೋಗಾಣು ಎಲೆಯಲ್ಲೂ ಇರುವುದಿಲ್ಲ. ಇದು ಮನೆ ತಲುಪುವವರೆಗಿನ ಏರ್ಪಾಡು. ಮನೆಗೆ ಬಂದ ಮೇಲೆ ಎಲ್ಲವನ್ನೂ ತೊಳೆದು ತೆಗೆದು ಮೊದಲಿನಿಂದ ಶುರು ಮಾಡಬೇಕು.

ಕಮ್ಯುನಿಸ್ಟ್ ಸೊಪ್ಪಿನಲ್ಲಿ ಯಕೃತ್ತಿಗೆ ಕೆಡುಕು ಮಾಡುವ ಕ್ಷಾರಾಭಗಳಿವೆ (ಆಲ್ಕಲಾಯ್ಡ್). ಒಂದೆರಡು ಸಲ ಹನಿ ಹಿಂಡಿದರೆ ಚಿಂತೆಯಿಲ್ಲ, ಆದರೆ ದೊಡ್ಡ ಗಾಯಕ್ಕೆ ದಿನಗಟ್ಟಲೆ ಕಟ್ಟುವುದು, ರಸ ಕುಡಿಯುವುದು ಸಲ್ಲದು. ಬೇಲಿಯ ಮರಹರಳಿನ (ಜಟ್ರೋಫ) ಹಾಲನ್ನು ಹಚ್ಚುವವರೂ ಉಂಟು. ಹಾಲು ಒಣಗಿ ಪೊರೆಯಾಗುವುದು ನಿಜ, ಆದರೆ ಕೆಳಗಿನ ಕೊಳೆಯನ್ನೂ ಹಾಗೇ ಮುಚ್ಚಿಬಿಡುತ್ತದೆ. ಅದರ ಬೀಜ ಮಕ್ಕಳಿಗೆ ವಿಷ.

ಉಂಬಳ ಕಚ್ಚಿದ ಗಾಯ

ಮಲೆನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ, ಆದರೂ ಒಂದು ಮಾತು. ಉಂಬಳದ ಜೊಲ್ಲಿನಲ್ಲಿರುವ ಹಿರುಡಿನ್‌ನಂತಹ ವಸ್ತು ರಕ್ತ ಹೆಪ್ಪುಗಟ್ಟುವುದನ್ನೇ ತಡೆಯುತ್ತದೆ. ಹಾಗಾಗಿ ಉಂಬಳ ಬಿದ್ದುಹೋದ ಮೇಲೂ ಗಂಟೆಗಟ್ಟಲೆ ಜಿನುಗುತ್ತಿರುತ್ತದೆ, ಯಾವ ಸೊಪ್ಪು ಹಚ್ಚಿದರೂ ಪೂರ್ತಿ ನಿಲ್ಲುವುದಿಲ್ಲ. ಸೋಪುನೀರಿನಲ್ಲಿ ತೊಳೆದು, ಮಡಚಿದ ಬಟ್ಟೆಯಿಟ್ಟು ಬಿಗಿಯಾಗಿ ಕಟ್ಟಿ ಬಿಡಿ. ಕಚ್ಚಿಕೊಂಡಿರುವಾಗ ಹೊಗೆಸೊಪ್ಪಿನ ನೀರು, ಸುಣ್ಣ ತಾಗಿಸಿದರೆ ಬಿಡುತ್ತದೆ ನಿಜ, ಆದರೆ ಬಿಡುವಾಗ ಅದು ಗಾಯಕ್ಕೆ ಕಕ್ಕಬಹುದು. ಉಗುರನ್ನು ಚರ್ಮಕ್ಕೆ ತಾಗಿಸಿ ಅದರ ಬಾಯಿಯ ಬದಿಯಿಂದ ಜಾರಿಸಿ ಬಿಡಿಸುವುದು ವಾಸಿ.

ಎರಡನೆಯ ದಿನದಿಂದ: ಒಗರು ತೊಗಟೆಯ ಕಷಾಯ

ತರಚು ಗಾಯ ಮರುದಿನ ನೀರಾಡುತ್ತದೆ. ಇಲ್ಲಿ ಕೆಲಸಕ್ಕೆ ಬರುವುದು ಒಗರು. ನಾಲಿಗೆಗೆ ಒಗರೆನಿಸುವ ತೊಗಟೆಗಳಲ್ಲಿ ಟ್ಯಾನಿನ್ ಇರುತ್ತದೆ. ಅದು ಗಾಯದ ಮೇಲಿನ ಪ್ರೋಟೀನನ್ನು ಬಿಗಿದು ಜಿನುಗುವುದನ್ನು ಕಡಿಮೆ ಮಾಡುತ್ತದೆ. ಆಲ, ಅರಳಿ, ಅತ್ತಿ, ಬಸರಿ, ಹೂವರಸಿ ಈ ಐದರ ತೊಗಟೆಗೆ ಆಯುರ್ವೇದದಲ್ಲಿ ಪಂಚವಲ್ಕಲ ಎಂದು ಹೆಸರು. ಐದೂ ಬೇಕೆಂಬ ಹಟ ಬೇಡ, ಆಲ ಮತ್ತು ಅತ್ತಿ ಸಿಕ್ಕರೆ ಸಾಕು. ಕಾಂಡದ ಸುತ್ತ ಬಳೆಯಂತೆ ತೊಗಟೆ ಸುಲಿದರೆ ಮರವೇ ಸಾಯುತ್ತದೆ. ಕಡಿದ ಕೊಂಬೆಯಿಂದ ಎಬ್ಬಿ, ಹೊರಗಿನ ಒಣ ಸಿಪ್ಪೆ ಕೆರೆದು, ನೆರಳಲ್ಲಿ ಒಣಗಿಸಿ ತರಿತರಿಯಾಗಿ ಕುಟ್ಟಿಡಿ.

ಅಳತೆ: ತೊಗಟೆ ತರಿ 25 ಗ್ರಾಂ, ನೀರು 400 ಮಿಲಿ. ಮುಚ್ಚಳವಿಡದೆ ಸಣ್ಣ ಉರಿಯಲ್ಲಿ 100 ಮಿಲಿಗೆ ಇಳಿಸಿ, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಬಳಸಿ. ಕಬ್ಬಿಣದಲ್ಲಿ ಕುದಿಸಿದರೆ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಶಾಯಿಯಂತೆ ಕಪ್ಪಾಗುತ್ತದೆ. ಉಗುರುಬೆಚ್ಚಗಿರುವಾಗ ಬಟ್ಟೆ ಅದ್ದಿ 5 ನಿಮಿಷ ಗಾಯದ ಮೇಲಿಡಿ, ದಿನಕ್ಕೆ ಎರಡು ಸಲ. ಬಟ್ಟೆಗೆ ತಾಗಿದ ಕಲೆ ಹೋಗುವುದಿಲ್ಲ.

ತೊಗಟೆ ಸಿಗದಿದ್ದರೆ ಬೇವು: 50 ಗ್ರಾಂ (ಎರಡು ದೊಡ್ಡ ಹಿಡಿ) ಎಲೆ, 1 ಲೀಟರ್ ನೀರು, ಅರ್ಧಕ್ಕೆ ಇಳಿಸುವುದು. ಕೆಸರುಹುಣ್ಣಿಗೆ ಇದೇ ಹೆಚ್ಚು ಅನುಕೂಲ. ಗದ್ದೆಯಿಂದ ಬಂದ ಕೂಡಲೇ ಕಾಲು ತೊಳೆದು, ಬೇವಿನ ಕಷಾಯದಲ್ಲಿ 10 ನಿಮಿಷ ಅದ್ದಿ, ಬೆರಳ ಸಂದುಗಳನ್ನು ಒಂದೊಂದಾಗಿ ಒಣಬಟ್ಟೆಯಿಂದ ಒತ್ತಿ ಒರೆಸಬೇಕು. ಒಣಗಿಸದೆ ಅದರ ಮೇಲೆ ಎಣ್ಣೆ ಹಚ್ಚಿದರೆ ತೇವ ಒಳಗೇ ಸಿಕ್ಕಿಬಿದ್ದು ಹುಣ್ಣು ಹರಡುತ್ತದೆ. ಮಳೆಗಾಲದಲ್ಲಿ ಬಹುಪಾಲು ಮನೆಮದ್ದು ಸೋಲುವುದು ಇದೇ ಕಾರಣಕ್ಕೆ.

ಎರಡೂ ಕಷಾಯ ಅಂದಂದಿನದು ಅಂದಿಗೇ. ರಾತ್ರಿ ಉಳಿದದ್ದನ್ನು ಬೆಳಿಗ್ಗೆ ಬಿಸಿಮಾಡಿ ಬಳಸಬೇಡಿ. ಧನುರ್ವಾಯುವಿನಂತಹ ರೋಗಾಣುಗಳ ಬೀಜಕಗಳು ಸಾದಾ ಕುದಿತಕ್ಕೆ ಸಾಯುವುದಿಲ್ಲ.

ಅರಿಶಿನ: ಪುಡಿ ಬೇಡ

ಗಾಯಕ್ಕೆ ಅರಿಶಿನ ಎಂಬ ನಮ್ಮ ಅಜ್ಜಿಯರ ತಿಳಿವಳಿಕೆಗೆ 1995ರಲ್ಲಿ ಅಮೆರಿಕದ ಮಿಸ್ಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿತ್ತು. ನಮ್ಮ ಸಿಎಸ್ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಹಳೆಯ ಗ್ರಂಥಗಳ ದಾಖಲೆ ಕೊಟ್ಟು ಹೋರಾಡಿದ್ದರಿಂದ 1997ರಲ್ಲಿ ಅದು ರದ್ದಾಯಿತು. ಅರಿಶಿನದ ಗುಣದ ಬಗ್ಗೆ ತಕರಾರಿಲ್ಲ. ತಕರಾರಿರುವುದು ಡಬ್ಬಿಯ ಪುಡಿಯ ಬಗ್ಗೆ.

ಅಂಗಡಿಯ ಪುಡಿ ಅಡುಗೆಗೆಂದು ಮಾಡಿದ್ದು, ರೋಗಾಣುಮುಕ್ತವಲ್ಲ. ಬಣ್ಣಕ್ಕೆಂದು ಸೀಸದ ಕ್ರೋಮೇಟ್, ಮೆಟಾನಿಲ್ ಹಳದಿ ಬೆರೆಸಿದ ಪ್ರಕರಣಗಳಿವೆ. ಹಸಿ ಗಾಯದ ಮೇಲೆ ಒತ್ತಿದ ಪುಡಿ ರಕ್ತದೊಡನೆ ಸೇರಿ ಗಟ್ಟಿ ಹಕ್ಕಳೆಯಾಗುತ್ತದೆ. ಕೆಳಗೆ ಕೀವಾದರೂ ಮೇಲೆ ತಿಳಿಯದು. ಕೆಂಪಾಗಿದೆಯೇ ಎಂದು ನೋಡಲು ಹಳದಿ ಬಣ್ಣ ಬಿಡದು. ಸಾಲದ್ದಕ್ಕೆ ಅದರ ಮುಖ್ಯ ಸತ್ವವಾದ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ, ಕರಗುವುದು ಜಿಡ್ಡಿನಲ್ಲಿ. ಎಣ್ಣೆ ತುಪ್ಪದಲ್ಲಿ ಕಾಯಿಸಿ ಹಚ್ಚುವ ಹಳೆಯ ಕ್ರಮಕ್ಕೆ ಅರ್ಥವಿರುವುದು ಇಲ್ಲಿ.

ಗಾಯದ ಎಣ್ಣೆ ಕಾಯಿಸುವುದು

ಲೆಕ್ಕ ಹಳೆಯದೇ: ಕಲ್ಕ ಒಂದು ಪಾಲು, ಎಣ್ಣೆ ನಾಲ್ಕು, ದ್ರವ ಹದಿನಾರು. ಒಂದು ಮನೆಗೆ 100 ಮಿಲಿ ಎಣ್ಣೆ ಧಾರಾಳ.

ಬೇಕಾದದ್ದು: ಗಾಣದ ಕೊಬ್ಬರಿ ಎಣ್ಣೆ 100 ಮಿಲಿ, ಬೇವಿನ ಎಲೆ 10 ಗ್ರಾಂ, ಹಸಿ ಅರಿಶಿನದ ಕೊಂಬು 10 ಗ್ರಾಂ, ಒಂದೆಲಗ 5 ಗ್ರಾಂ, ಮೇಲೆ ಹೇಳಿದ ತೊಗಟೆಯ ಕಷಾಯ 400 ಮಿಲಿ (ಇದಕ್ಕೆ 100 ಗ್ರಾಂ ತೊಗಟೆಯನ್ನು 1.6 ಲೀಟರ್ ನೀರಿನಲ್ಲಿ ಕುದಿಸಿಕೊಳ್ಳಬೇಕು). ತುಳುನಾಡಿನಲ್ಲಿ ತಿಮರೆ ಎನ್ನುವ ಒಂದೆಲಗದ ಏಷ್ಯಾಟಿಕೋಸೈಡ್ ಹೊಸ ಚರ್ಮದ ಕೊಲಾಜನ್ (ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್) ಬೆಳೆಯಲು ನೆರವಾಗುವ ಸತ್ವ. ಚರಂಡಿ ಬದಿಯದನ್ನು ತರಬೇಡಿ, ಕುಂಡದಲ್ಲಿ ಸುಲಭವಾಗಿ ಬರುತ್ತದೆ.

ಎಲೆ, ಕೊಂಬುಗಳನ್ನು ತೊಳೆದು ಸ್ವಲ್ಪವೇ ಕಷಾಯ ಚಿಮುಕಿಸಿ ನುಣ್ಣಗೆ ರುಬ್ಬಿ. ದಪ್ಪ ತಳದ, ಅಗಲ ಬಾಯಿಯ ಪಾತ್ರೆಯಲ್ಲಿ ಎಣ್ಣೆ, ಕಲ್ಕ, ಕಷಾಯ ಮೂರನ್ನೂ ತಣ್ಣಗಿರುವಾಗಲೇ ಸೇರಿಸಿ. ಕಾದ ಎಣ್ಣೆಗೆ ಕಷಾಯ ಸುರಿದರೆ ಸಿಡಿದು, ಗಾಯದ ಎಣ್ಣೆ ಮಾಡಲು ಹೋಗಿ ಗಾಯವಾಗುತ್ತದೆ. ಸಣ್ಣ ಉರಿಯಲ್ಲಿ ಮರದ ಸೌಟಿನಿಂದ ತಳ ಹಿಡಿಯದಂತೆ ಕೈಯಾಡಿಸುತ್ತಿರಿ. ನೀರಿರುವವರೆಗೆ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಎರಡು ಗಂಟೆ ಹಿಡಿಯಬಹುದು, ಅವಸರ ಬೇಡ. ನೀರು ಮುಗಿದ ಕ್ಷಣದಿಂದ ಶಾಖ ಸರ್ರನೆ ಏರಿ ಕಲ್ಕ ಕರಟುತ್ತದೆ. ಆದ್ದರಿಂದ ಕೊನೆಯ ಹದಿನೈದು ನಿಮಿಷ ಒಲೆ ಬಿಟ್ಟು ಕದಲಬಾರದು.

ಹದ ನೋಡುವುದು ಹೀಗೆ. ಚಿಟಿಕೆ ಕಲ್ಕ ತೆಗೆದು ಆರಿಸಿ ಬೆರಳಲ್ಲಿ ಹೊಸೆಯಿರಿ. ಬೆರಳಿಗೆ ಅಂಟಿದರೆ ನೀರಿದೆ, ಬತ್ತಿಯಂತೆ ಹೊಸೆದುಕೊಂಡರೆ ಹದ, ಪುಡಿಯಾದರೆ ಮೀರಿತು. ಆ ಬತ್ತಿಯನ್ನು ಬೆಂಕಿಗೆ ಹಿಡಿದಾಗ ಚಟಪಟ ಸದ್ದು ಬರಬಾರದು, ಬಂದರೆ ತೇವ ಉಳಿದಿದೆ. ಎಣ್ಣೆಯಾದರೆ ಹದ ಬರುವ ಹೊತ್ತಿಗೆ ಮೇಲೆ ನೊರೆ ಏಳುತ್ತದೆ, ತುಪ್ಪವಾದರೆ ಇದ್ದ ನೊರೆ ಅಡಗುತ್ತದೆ. ಇದನ್ನು ಅದಲುಬದಲು ಮಾಡಿಕೊಂಡು ತುಪ್ಪ ಸುಟ್ಟುಕೊಳ್ಳುವವರು ಬಹಳ.

ಬಿಸಿಯಿರುವಾಗಲೇ ಒಣಬಟ್ಟೆಯಲ್ಲಿ ಸೋಸಿ. ಕಲ್ಕವನ್ನು ತೀರಾ ಗಟ್ಟಿಯಾಗಿ ಹಿಂಡಬೇಡಿ, ಕೊನೆಯಲ್ಲಿ ಬರುವುದು ಗಸಿ. ಮುಲಾಮು ಬೇಕಿದ್ದರೆ ಸೋಸಿದ ಎಣ್ಣೆಯನ್ನು ಮತ್ತೆ ಬೆಚ್ಚಗೆ ಮಾಡಿ 12–15 ಗ್ರಾಂ ಜೇನುಮೇಣ ಕರಗಿಸಿ. ತಣ್ಣನೆಯ ಚಮಚದ ಮೇಲೆ ಒಂದು ಹನಿ ಹಾಕಿ ನೋಡಿ. ಗಟ್ಟಿ ಎನಿಸಿದರೆ ಎಣ್ಣೆ, ಹರಿದರೆ ಮೇಣ ಸೇರಿಸಿ. ಕುದಿಸಿ ಪೂರ್ತಿ ಒಣಗಿಸಿದ ಗಾಜಿನ ಬಾಟಲಿಯಲ್ಲಿ ದಿನಾಂಕ ಬರೆದಿಟ್ಟು ಆರು ತಿಂಗಳೊಳಗೆ ಬಳಸಿ. ತಳದಲ್ಲಿ ನೀರಿನ ಹನಿ, ಮೇಲೆ ಬೂಷ್ಟು, ಕಮಟು ವಾಸನೆ, ಈ ಮೂರರಲ್ಲಿ ಒಂದು ಕಂಡರೂ ಚೆಲ್ಲಿ.

ಮೊದಲ ಸಲ ಹಚ್ಚುವವರು ಮುಂಗೈಯ ಒಳಬದಿಯಲ್ಲಿ ಒಂದು ಹನಿ ತಿಕ್ಕಿ 24 ಗಂಟೆ ನೋಡಿ. ಕೆಂಪಾಗಿ ತುರಿಸಿದರೆ ಆ ಎಣ್ಣೆ ನಿಮಗಲ್ಲ. ಹಚ್ಚಬೇಕಾದದ್ದು ತೊಳೆದ, ಜಿನುಗುವುದು ನಿಂತ ಗಾಯಕ್ಕೆ, ತೆಳ್ಳಗೆ, ದಿನಕ್ಕೆರಡು ಸಲ. ಮೇಲೆ ಅಂಗಡಿಯ ಗಾಸ್ (ಗಾಯಕ್ಕೆ ಕಟ್ಟುವ ಜಾಳು ಬಟ್ಟೆ) ಇಟ್ಟು ಕಟ್ಟಿ. ಹಳೆ ಪಂಚೆಯ ತುಂಡೇ ಬೇಕೆಂದರೆ ಡಬ್ಬಿಯಲ್ಲಿಟ್ಟು ಕುಕ್ಕರಿನಲ್ಲಿ ತೂಕ ಹಾಕಿ 20 ನಿಮಿಷ ಬೇಯಿಸಿ, ಇಸ್ತ್ರಿ ಹಾಕಿ ಒಣಗಿಸಬೇಕು. ಅಷ್ಟು ತಾಪತ್ರಯಕ್ಕಿಂತ ಗಾಸೇ ಅಗ್ಗ.

ಗಾಳಿಗೆ ಬಿಟ್ಟರೆ ಬೇಗ ಮಾಯುತ್ತದೆ ಎನ್ನುವುದು ಹಳೆಯ ನಂಬಿಕೆ. 1962ರಲ್ಲಿ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ತೇವ ಆರದಂತೆ ಮುಚ್ಚಿದ ಗಾಯವೇ ಒಣಗಲು ಬಿಟ್ಟದ್ದಕ್ಕಿಂತ ಬೇಗ ಚರ್ಮ ಕಟ್ಟಿತು. ಜಿಡ್ಡು ಹಚ್ಚಿ ಮುಚ್ಚುವ ಪದ್ಧತಿಗೆ ಇದು ಬಲ ಕೊಡುತ್ತದೆ.

ಸುಟ್ಟಗಾಯಕ್ಕೆ ಲೋಳೆಸರ, ಆದರೆ 20 ನಿಮಿಷ ಕಳೆದ ಮೇಲೆ

ಬಳೆ, ಉಂಗುರ ತೆಗೆದು, ಸುಟ್ಟ ಜಾಗವನ್ನು ನಲ್ಲಿಯ ಕೆಳಗೆ 20 ನಿಮಿಷ ಹಿಡಿಯಿರಿ. ಮಂಜುಗಡ್ಡೆ ಬೇಡ. ದೋಸೆಹಿಟ್ಟು, ಟೂತ್‌ಪೇಸ್ಟ್, ತುಪ್ಪ ಯಾವುದೂ ಬೇಡ. ಜಿಡ್ಡು ಶಾಖವನ್ನು ಒಳಗೇ ಹಿಡಿದಿಡುತ್ತದೆ, ಹಿಟ್ಟನ್ನು ಆಮೇಲೆ ಕೆರೆದು ತೆಗೆಯುವಾಗ ಚರ್ಮವೂ ಬರುತ್ತದೆ.

ಲೋಳೆಸರದಲ್ಲಿ ಎರಡು ರಸಗಳಿವೆ ಎಂಬುದು ಮರೆತುಹೋಗುತ್ತದೆ. ಸಿಪ್ಪೆಯ ಕೆಳಗಿನ ಹಳದಿ, ಕಹಿ ರಸ ಚರ್ಮ ಕೆರಳಿಸುತ್ತದೆ. ಬೇಕಾದದ್ದು ಒಳಗಿನ ತಿಳಿ ಲೋಳೆ. ಬುಡದ ಬಲಿತ ಎಲೆಯನ್ನು ಕೊಯ್ದು, ಕೊಯ್ದ ಬಾಯಿ ಕೆಳಗಾಗಿ ಲೋಟದಲ್ಲಿ 15 ನಿಮಿಷ ನಿಲ್ಲಿಸಿ, ಹಳದಿ ಇಳಿದುಹೋಗಲಿ. ತೊಳೆದು, ಮುಳ್ಳಂಚು ತೆಗೆದು, ಸಿಪ್ಪೆಯನ್ನು ದಪ್ಪವಾಗಿ ಹೆರೆದು, ಲೋಳೆಯ ತುಂಡನ್ನು ಇನ್ನೊಮ್ಮೆ ತೊಳೆಯಿರಿ. ಕೆಂಪಾಗಿ ಉರಿಯುವ ಚರ್ಮಕ್ಕೆ ದಿನಕ್ಕೆ ಮೂರು ಸಲ ಹಚ್ಚಬಹುದು. ಬೊಬ್ಬೆ ಎದ್ದಿದ್ದರೆ ಒಡೆಯಬೇಡಿ. ತಾನಾಗಿ ಒಡೆದಿದ್ದರೆ ಹಸಿ ಲೋಳೆ ಹಚ್ಚದೆ ಗಾಸ್ ಕಟ್ಟಿ ವೈದ್ಯರಿಗೆ ತೋರಿಸಿ. ಹೆರೆದ ಲೋಳೆ ಕೆಲವೇ ಗಂಟೆಗಳಲ್ಲಿ ಕಂದಾಗುತ್ತದೆ, ಆಗಾಗ ಹೊಸ ಎಲೆ ಕೊಯ್ಯುವುದೇ ಸರಿ.

ಹೆಸರು ಕೇಳಿ ಮೋಸಹೋಗಬಾರದ ಕೆಲವು

ಎಕ್ಕದ ಹಾಲು, ಕಳ್ಳಿಯ ಹಾಲು ಗಾಯವನ್ನು ಕೊರೆಯುತ್ತವೆ, ಕಣ್ಣಿಗೆ ಹಾರಿದರೆ ಅಪಾಯ. ಹಸಿ ಬೆಳ್ಳುಳ್ಳಿ ಅರೆದು ಕಟ್ಟಿದರೆ ಬೆಂಕಿ ತಾಗಿದಂತೆ ಚರ್ಮ ಸುಡುತ್ತದೆ. ಚಿತ್ರಮೂಲದ ಬೇರು, ಗೇರುಬೀಜದ ಸಿಪ್ಪೆಯ ಸೊನೆ ಬೊಬ್ಬೆ ಎಬ್ಬಿಸುತ್ತವೆ. ಅರಿಶಿನ-ಸುಣ್ಣ ಉಳುಕಿಗೆ ಸರಿ, ಒಡೆದ ಚರ್ಮಕ್ಕಲ್ಲ. ಸಗಣಿ, ಬೂದಿ, ಒಲೆಯ ಮಸಿ ಹಚ್ಚುವುದು ಧನುರ್ವಾಯುವನ್ನು ಕರೆದು ಕೂರಿಸಿದಂತೆ.

ದಿನ ಎಣಿಸಿ ನೋಡಬೇಕಾದದ್ದು

ಮೊದಲ ಎರಡು ದಿನ ಅಂಚು ತುಸು ಕೆಂಪಾಗಿ, ಬೆಚ್ಚಗಿರುವುದು ಸಹಜ. ಪೆನ್ನಿನಿಂದ ಆ ಕೆಂಪಿನ ಅಂಚಿಗೆ ಗೆರೆ ಎಳೆದಿಡಿ. ಮರುದಿನ ಕೆಂಪು ಗೆರೆ ದಾಟಿದ್ದರೆ, ನೋವು ಇಳಿಯುವ ಬದಲು ಏರಿದರೆ, ಹಳದಿ ಹಸಿರು ಕೀವು, ದುರ್ವಾಸನೆ, ಜ್ವರ, ಕಂಕುಳು ತೊಡೆಸಂದಿನಲ್ಲಿ ಗೆಡ್ಡೆ ಕಾಣಿಸಿದರೆ ಎಣ್ಣೆ, ಕಷಾಯ ಎಲ್ಲ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಏನೇನು ಹಚ್ಚಿದ್ದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಸಾಮಾನ್ಯ ತರಚು ಗಾಯ ವಾರದಿಂದ ಹತ್ತು ದಿನಕ್ಕೆ ಹೊಸ ಚರ್ಮ ಕಟ್ಟುತ್ತದೆ. ಆಗ ತುರಿಸುತ್ತದೆ, ಹಕ್ಕಳೆ ಕೀಳಬೇಡಿ. ಒಂದು ಹನಿ ಎಣ್ಣೆ ಹಚ್ಚಿದರೆ ತಾನೇ ಸಡಿಲವಾಗುತ್ತದೆ. ಕೆಳಗೆ ಬಂದ ನಸುಗೆಂಪು ಚರ್ಮಕ್ಕೆ ಕೆಲವು ವಾರ ಬಿಸಿಲು ತಾಗದಂತೆ ಮುಚ್ಚಿಕೊಳ್ಳಿ, ಇಲ್ಲದಿದ್ದರೆ ಅಲ್ಲಿ ಕಪ್ಪು ಕಲೆ ಉಳಿಯುತ್ತದೆ.